ಎರಡು ಸಲ ಬೆಂದದ್ದು

ಹುರಿದ ಕಡಲೆಕಾಯಿ ಬೀಜವನ್ನು ಅವಳು ಹಳೆಯ ಬಟ್ಟೆಯೊಂದರಲ್ಲಿ ಗಂಟು ಕಟ್ಟಿ, ಮೇಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ ಉಜ್ಜುತ್ತಿದ್ದಳು. ಸಿಪ್ಪೆ ಬಿಡುವ ಸಣ್ಣ ಸದ್ದು ಬಿಟ್ಟರೆ ಅಡಿಗೆಮನೆಯಲ್ಲಿ ಇನ್ನೊಂದು ಸದ್ದಿರಲಿಲ್ಲ. ಮೇಜಿನ ಆಚೆ ತುದಿಯಲ್ಲಿ ಅತ್ತಿಗೆ ಒಣ ಬ್ರೆಡ್ಡನ್ನು ಉಗುರಿನಷ್ಟಗಲದ ಚೌಕಗಳಾಗಿ ಕತ್ತರಿಸುತ್ತಿದ್ದಳು. ಬೆಳಗಿನಿಂದ ಇಬ್ಬರೂ ಮಾತಾಡಿರಲಿಲ್ಲ. ಜಗಳವೇನೂ ಇರಲಿಲ್ಲ, ಮಾತು ಬೇಕಾಗಿರಲಿಲ್ಲ ಅಷ್ಟೆ. ಗಂಟು ಬಿಚ್ಚಿದಾಗ ಬೆಳ್ಳಗೆ ಇಬ್ಭಾಗವಾದ ಬೀಜಗಳ ಮೇಲೆಲ್ಲ ಕೆಂಪು ಸಿಪ್ಪೆ ಹರಡಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಯಾರಾದರೂ ಮಾಡುವುದು ಒಂದೇ ಕೆಲಸ, ಉಫ್ ಎಂದು ಊದುವುದು. ಅವಳೂ ತುಟಿ ಮುಂದೆ ಮಾಡಿದಳು. ಮಾಡಿ, ಹಾಗೇ ನಿಂತಳು. ಊದಿದರೆ ಎಂಜಲಾಗುತ್ತದೆಯೇ? ಉಸಿರಿಗೂ ಎಂಜಲು ಉಂಟೇ? ಉಸಿರಿನ ಜೊತೆ ಕಣ್ಣಿಗೆ ಕಾಣದ ಹನಿ ಹೊರಗೆ ಬೀಳುತ್ತದೆಂದು ತೋರಿಸುವ ಚಿತ್ರವೊಂದು ಅತ್ತಿಗೆ ಕೆಲಸ ಮಾಡುವ ಕಣ್ಣಿನ ಆಸ್ಪತ್ರೆಯ ಗೋಡೆಯ ಮೇಲಿತ್ತು. ಅವಳು ಬಾಯಿ ಮುಚ್ಚಿಕೊಂಡು, ಬಟ್ಟೆಯ ನಾಲ್ಕು ಮೂಲೆ ಹಿಡಿದು ಕಿಟಕಿಯ ಹತ್ತಿರ ಹೋಗಿ, ಬೀಜವನ್ನು ಗಾಳಿಗೆ ಚಿಮ್ಮಿಸತೊಡಗಿದಳು. ಐದಾರು ಬೀಜ ನೆಲಕ್ಕೆ ಬಿದ್ದವು. ಅತ್ತಿಗೆ ತಲೆಯೆತ್ತಿ ನೋಡಿದಳು, ಏನೂ ಅನ್ನದೆ ಮತ್ತೆ ಬ್ರೆಡ್ಡಿಗೆ ಬಗ್ಗಿದಳು. ಏನಾದರೂ ಅಂದಿದ್ದರೆ ವಾಸಿಯಿತ್ತು. ಬೈಯುವವರ ಎದುರು ತಪ್ಪು ಚಿಕ್ಕದಾಗುತ್ತದೆ. ಸುಮ್ಮನಿರುವವರ ಎದುರು ಅದು ತನ್ನಷ್ಟಕ್ಕೆ ತಾನೇ ಉಬ್ಬುತ್ತಾ ಹೋಗುತ್ತದೆ.

ಸಾಯಂಕಾಲ ನಾಲ್ಕಕ್ಕೆ ಕೆಳಗಿನ ಮನೆಯಲ್ಲಿ ಪಾರ್ಟಿ. ಕೆಳಗಿನ ಮನೆಯ ಹೆಡ್‌ಮಿಸ್ಸಿಗೆ ಇವತ್ತು ಎಪ್ಪತ್ತೈದು ತುಂಬುತ್ತದೆ. ಹಳೆಯ ವಿದ್ಯಾರ್ಥಿನಿಯರು ಏಳೆಂಟು ಜನ ಬರುತ್ತಾರೆ, ಕೇಕು ಅವರೇ ತರುತ್ತಾರೆ, ಬೇರೇನೂ ಬೇಡ ಎಂದುಬಿಟ್ಟಿದ್ದರು ಮಿಸ್ಸು. ಆದರೆ ಮಿಕ್ಸ್‌ಚರ್ ಮಾತ್ರ ಮೇಲಿನ ಮನೆಯಿಂದಲೇ ಬರಬೇಕು, ಅದೂ ಅವಳ ಕೈಯಿಂದಲೇ ಆಗಬೇಕು. ಕಾರ್ನ್‌ಫ್ಲೇಕ್ಸು, ಬ್ರೆಡ್ಡಿನ ಚೂರು, ಚಿಕ್ಕ ಉಪ್ಪು ಬಿಸ್ಕತ್ತು, ಕಡಲೆಕಾಯಿ ಬೀಜ, ಗೋಡಂಬಿ ಎಲ್ಲವನ್ನೂ ಅಗಲವಾದ ಪಾತ್ರೆಯಲ್ಲಿ ಕಲೆಸಿ, ಕರಗಿಸಿದ ಬೆಣ್ಣೆಗೆ ಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ, ಉಪ್ಪು, ಒಂದಿಷ್ಟು ಕಪ್ಪು ಸಾಸು ಸೇರಿಸಿ ಮೇಲೆ ಸುರಿದು, ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಓವನ್ನಿನಲ್ಲಿ ಸಣ್ಣ ಕಾವಿಗೆ ಒಂದು ಗಂಟೆ ಇಡಬೇಕು. ಕಷ್ಟವೇನಿಲ್ಲ, ಆದರೆ ಕಾಲು ಗಂಟೆಗೊಂದು ಸಲ ತೆಗೆದು ತಿರುವಿ ಹಾಕಬೇಕು. ಒಂದು ಸಲ ಮರೆತರೆ ತಳ ಕಪ್ಪಾಗಿ ಮೇಲಿನದು ಮೆತ್ತಗೆ ಉಳಿಯುತ್ತದೆ. ಹಾಗಾಗಿ ಇದು ಬೇರೆ ಕಡೆ ಗಮನವಿಲ್ಲದವರ ಕೆಲಸ, ಅಂದರೆ ಅವಳ ಕೆಲಸ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ರಿಪೇರಿ ಮಾಡುವ ಅಣ್ಣ ಇದನ್ನು ಗುಜರಿ ಅನ್ನುತ್ತಿದ್ದ. ಕಂಡದ್ದನ್ನೆಲ್ಲ ಒಂದೇ ಗೋಣಿಗೆ ತುಂಬಿದ ಹಾಗೆ ಇದೆಯಲ್ಲೇ ಇಲಿಮರಿ, ಎಂದು ನಗುತ್ತಲೇ ತಟ್ಟೆಗೆ ಕೈ ಹಾಕುತ್ತಿದ್ದ. ಅವನು ಕೈ ಹಾಕಿದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಈಗೀಗ ಅನ್ನಿಸುತ್ತದೆ. ಈಗ ಯಾರು ಯಾವ ಪಾತ್ರೆಗೆ ಕೈ ಹಾಕಿದರೂ ಅವಳ ಕಣ್ಣು ಮೊದಲು ಕೈಗೆ, ಆಮೇಲೆ ಬಾಯಿಗೆ, ಮತ್ತೆ ಕೈಗೆ ಹೋಗುತ್ತದೆ.

ಕೈಗಳನ್ನು ನೋಡುವುದು ಶುರುವಾದದ್ದು ತಿಂಗಳ ಹಿಂದೆ, ಅತ್ತಿಗೆಯ ಪಾರ್ಟಿಯ ದಿನ. ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿದ್ದ ಅತ್ತಿಗೆಯನ್ನು ಆ ಕೌಂಟರಿಗೇ ಮೇಲ್ವಿಚಾರಕಿಯನ್ನಾಗಿ ಮಾಡಿದ್ದರು. ಜೊತೆಯವರು ಹನ್ನೆರಡು ಜನ ಮನೆಗೆ ಬಂದಿದ್ದರು. ಅವಳು ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಹೊರಗೆ ಬಾ ಎಂದು ಅತ್ತಿಗೆ ಎರಡು ಸಲ ಕರೆದಳು, ಮೂರನೇ ಸಲ ಕರೆಯಲಿಲ್ಲ. ಮೂರು ಗಾಜಿನ ಬೋಗುಣಿಗಳಲ್ಲಿ ಮಿಕ್ಸ್‌ಚರ್ ಇತ್ತು. ಕನ್ನಡಕ ಕೊಡುವ ಗಂಡಸು ಗೋಡಂಬಿಯನ್ನಷ್ಟೇ ಹುಡುಕಿ ಹುಡುಕಿ ತೆಗೆಯುತ್ತಿದ್ದ, ಕೋಳಿ ತಿಪ್ಪೆ ಕೆದಕಿದ ಹಾಗೆ. ಒಬ್ಬಳು ನರ್ಸು ಪ್ರತಿ ಸಲವೂ ಎರಡು ಬೆರಳನ್ನು ಚೀಪಿ, ಅದೇ ಬೆರಳನ್ನು ಮತ್ತೆ ಬೋಗುಣಿಗೆ ಇಳಿಸುತ್ತಿದ್ದಳು. ಮತ್ತೊಬ್ಬಳು ಬಿಸ್ಕತ್ತನ್ನು ಕಚ್ಚಿ ನೋಡಿ, ಖಾರವೆಂದು ಅರ್ಧವನ್ನು ಹಾಗೇ ವಾಪಸು ಹಾಕಿದಳು. ಎಲ್ಲರೂ ಹೋದ ಮೇಲೆ ಮೂರರಲ್ಲೂ ಅರ್ಧರ್ಧ ಉಳಿದಿತ್ತು. ಚೆಲ್ಲಿಬಿಡು ಎಂದಳು ಅತ್ತಿಗೆ, ಸೀರೆಯ ಪಿನ್ನು ಬಿಚ್ಚುತ್ತಾ. ಅವಳು ಹ್ಞೂಂ ಅಂದಳು. ಕಸದ ಬುಟ್ಟಿಯ ಮುಚ್ಚಳ ತೆಗೆದೂ ತೆಗೆದಳು. ಆದರೆ ಬೋಗುಣಿಯನ್ನು ಬಗ್ಗಿಸುವಾಗ ಕೈ ಬರಲಿಲ್ಲ. ಅಷ್ಟನ್ನೂ ಅವಳು ಇಡೀ ದಿನ ಓವನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಲು ಗಂಟೆಗೊಮ್ಮೆ ತಿರುವಿದ್ದಳು. ಕಚ್ಚಿದ ಬಿಸ್ಕತ್ತನ್ನು ಹುಡುಕಿ ಬಿಸಾಡಿದಳು. ಉಳಿದದ್ದನ್ನು ಮಾರನೆಯ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಮತ್ತೆ ತಟ್ಟೆಗೆ ಹರಡಿ ಓವನ್ನಿಗಿಟ್ಟಳು. ಬೆಂಕಿಗೆ ಎಲ್ಲ ಶುದ್ಧವಾಗುತ್ತದೆ ಎಂದು ಎಲ್ಲೋ ಕೇಳಿದ್ದಳು. ಹತ್ತು ನಿಮಿಷ ಅಂದುಕೊಂಡದ್ದು, ಬಟ್ಟೆ ಒಗೆಯುವುದರಲ್ಲಿ ಮರೆತು, ಅರ್ಧ ಗಂಟೆಯಾಯಿತು. ಬಣ್ಣ ಕೆಂಪಗೆ ತಿರುಗಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡಳು. ಗೋಡಂಬಿಯ ಸಿಹಿಯೆಲ್ಲ ಹೋಗಿ, ತಳದ ಉಪ್ಪೂ ಬೆಣ್ಣೆಯೂ ಮೆಣಸೂ ಬ್ರೆಡ್ಡಿನೊಳಗೇ ಇಳಿದು, ಕಚ್ಚಿದರೆ ಕಟಕ್ಕೆಂದು ಮುರಿದು, ಆಮೇಲೆ ನಿಧಾನವಾಗಿ ರುಚಿ ಬಿಡುತ್ತಿತ್ತು. ತಾನೊಬ್ಬಳೇ ತಿನ್ನುವುದು, ಯಾರಿಗೇನು, ಎಂದು ನೀಲಿ ಡಬ್ಬಕ್ಕೆ ತುಂಬಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಳು. ಅಷ್ಟು ಮಾತ್ರ ಅವಳ ತಪ್ಪಾಗಿದ್ದರೆ ಅದು ಅವಳ ಹೊಟ್ಟೆಗೆ ಮುಗಿಯುತ್ತಿತ್ತು.

ಮೂರನೇ ದಿನ ಹೆಡ್‌ಮಿಸ್ಸು ಮೆಟ್ಟಿಲು ಹತ್ತಿ ಬಂದರು. ನಲ್ಲಿಯಲ್ಲಿ ನೀರು ನಿಂತಿದೆಯೇ ಎಂದು ಕೇಳಲು ಬಂದವರು ಏದುಸಿರು ಬಿಡುತ್ತಾ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಅಣ್ಣ ಅತ್ತಿಗೆಯ ಜೊತೆ ಅವಳು ಮೇಲಿನ ಮನೆಗೆ ಬಂದು ಎರಡು ವರ್ಷವಾದರೂ ಮಿಸ್ಸು ಅವಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಅವಳು ಮಾತ್ರ ಮೊದಲ ದಿನವೇ ಗುರುತು ಹಿಡಿದಿದ್ದಳು. ಅವಳು ಶಾಲೆ ಬಿಡುವ ಕಾಗದಕ್ಕೆ ತಲೆಯೆತ್ತದೆ ಸಹಿ ಹಾಕಿದ ಕೈ ಅದು, ಹೆಬ್ಬೆರಳಿನ ಬುಡದಲ್ಲಿ ಬೇಳೆಯಷ್ಟು ದೊಡ್ಡ ಮಚ್ಚೆ. ಮನೆಗೆ ಬಂದವರಿಗೆ ಏನಾದರೂ ಕೊಡಬೇಕು. ತಿಂಡಿಯ ಡಬ್ಬಗಳೆಲ್ಲ ಖಾಲಿಯಿದ್ದವು. ಕಾಫಿ ಮಾಡೋಣವೆಂದರೆ ಹಾಲಿರಲಿಲ್ಲ. ಸುಮ್ಮನೆ ನೀರು ಕೊಟ್ಟಿದ್ದರೆ ಆಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾಳೆ. ಆದರೆ ಆ ಗಳಿಗೆಯಲ್ಲಿ ಅವಳ ಕೈ ಹಿಟ್ಟಿನ ಡಬ್ಬದ ಹಿಂದಕ್ಕೆ ಹೋಯಿತು. ಇವರು ಎದ್ದು ಹೋಗುವ ಮೊದಲು ತನ್ನದು ಅನ್ನುವಂಥದ್ದು ಏನಾದರೂ ಅವರ ಮುಂದೆ ಇಡಬೇಕು ಅನ್ನಿಸಿಬಿಟ್ಟಿತ್ತು. ಚಿಕ್ಕ ತಟ್ಟೆಯಲ್ಲಿ ಹಾಕಿ ಕೊಟ್ಟಳು. ಮಿಸ್ಸು ಬೇಡವೆಂದರು. ಒಂದು ವರ್ಷ ನುಂಗಿದ ಮಾತ್ರೆಗಳಿಂದ ನಾಲಗೆ ಸತ್ತುಹೋಗಿದೆ, ಏನು ತಿಂದರೂ ರಟ್ಟು ತಿಂದ ಹಾಗಾಗುತ್ತದೆ ಎಂದರು. ಆದರೂ ಹುಡುಗಿ ಬೇಜಾರು ಮಾಡಿಕೊಳ್ಳಬಾರದೆಂದು ಒಂದು ಚೂರು ಬಾಯಿಗಿಟ್ಟರು. ಅಗಿಯುತ್ತಿದ್ದವರು ನಿಲ್ಲಿಸಿದರು. ಇನ್ನೊಂದು ತೆಗೆದುಕೊಂಡರು. ಆಮೇಲೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಇದರ ರುಚಿ ಗೊತ್ತಾಗ್ತಿದೆ ನಂಗೆ," ಎಂದರು ಮಿಸ್ಸು, ತಮಗೇ ಹೇಳಿಕೊಳ್ಳುವ ಹಾಗೆ. "ಎಷ್ಟು ತಿಂಗಳಾಯ್ತೋ. ನೀನೇ ಮಾಡಿದ್ದಾ? ಕೈಗುಣ ಅಂದ್ರೆ ಇದು ನೋಡು."

ಕೈಗುಣ ಎಂದಾಗ ಅವಳಿಗೆ ಕಂಡದ್ದು ತನ್ನ ಕೈಯಲ್ಲ. ನರ್ಸಿನ ಚೀಪಿದ ಬೆರಳು, ಗೋಡಂಬಿ ಕೆದಕುವ ಕೈ, ಉಂಗುರ ಹಾಕಿದ್ದ, ಉಗುರು ಕಚ್ಚಿದ್ದ, ಹನ್ನೆರಡು ಕೈಗಳು ಒಟ್ಟಿಗೆ ಆ ಪುಟ್ಟ ತಟ್ಟೆಯಿಂದ ಎದ್ದ ಹಾಗಾಯಿತು. ಅವಳು ನೆಲ ನೋಡಿದಳು. ಮಿಸ್ಸು ಅದನ್ನು ನಾಚಿಕೆ ಅಂದುಕೊಂಡರು. ಯಾವ ಶಾಲೆಯಲ್ಲಿ ಓದಿದ್ದು ಎಂದು ಕೇಳಿದರು. ನಿಮ್ಮದೇ ಮಿಸ್, ಎಂದಳು. ಮಿಸ್ಸಿನ ಮುಖ ಅರಳಿತು. ಹಾಗಿದ್ದರೆ ನೀನು ನನ್ನ ಹುಡುಗಿ ಅಲ್ಲವೇನೇ, ಇಷ್ಟು ದಿನ ಹೇಳಬಾರದಿತ್ತೇ, ಎಂದು ಅವಳ ಮಣಿಕಟ್ಟು ಹಿಡಿದು ಅಲುಗಿಸಿದರು. ಡಬ್ಬದಲ್ಲಿದ್ದದ್ದನ್ನೆಲ್ಲ ಕಟ್ಟಿಸಿಕೊಂಡು ಕೆಳಗೆ ಹೋದರು. ಮಾರನೆಯ ದಿನದಿಂದ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದರು. ಹಾಲಿನವನಿಗೆ, ಔಷಧಿ ಅಂಗಡಿಯವನಿಗೆ ನನ್ನ ಹುಡುಗಿ ಎಂದು ತೋರಿಸುತ್ತಿದ್ದರು. ಅತ್ತಿಗೆಗೂ ಹೇಳಿದರು. ಯಾವ ಮಿಕ್ಸ್‌ಚರೇ, ಎಲ್ಲ ಚೆಲ್ಲಿದೆಯಲ್ಲ, ಎಂದು ಅತ್ತಿಗೆ ಕೇಳಿದಾಗ, ಮೊದಲೇ ಒಂಚೂರು ಎತ್ತಿಟ್ಟಿದ್ದೆ ಎಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಒಂಬತ್ತನೇ ಕ್ಲಾಸಿನವರೆಗೂ ಎಬ್ಬಿಸಿ ನಿಲ್ಲಿಸಿದಾಗಲೆಲ್ಲ ಒಂದು ನಿಜವನ್ನೂ ಹೇಳಲಾಗದೆ ಒಣಗಿದ ನಾಲಗೆ ಇದೇನಾ ಅನ್ನಿಸಿತು. ಒಳ್ಳೇದೇ ಮಾಡಿದೆ ಬಿಡು ಎಂದಳು ಅತ್ತಿಗೆ. ಅವತ್ತಿನಿಂದ ಅವಳಿಗೆ ಮೆಟ್ಟಿಲಿಳಿಯುವಾಗ ಮೈ ಬಿಸಿಯಾಗುತ್ತಿತ್ತು. ಮಿಸ್ಸಿನ ಬಾಗಿಲು ಮುಚ್ಚಿದ್ದರೆ ಸಮಾಧಾನ. ಮುಚ್ಚಿದೆಯಲ್ಲ ಎಂದು ಬೇಜಾರು. ಒಬ್ಬರು ನಮ್ಮನ್ನು ಮೆಚ್ಚಿಕೊಂಡರೆ ಎಷ್ಟು ಚೆನ್ನಾಗಿರುತ್ತದೆಂದು ಅವಳಿಗೆ ಮೊದಲು ಗೊತ್ತಿರಲಿಲ್ಲ, ಅದೇ ತೊಂದರೆಯಾದದ್ದು.

ಇತ್ತ ಅಡಿಗೆಮನೆಯಲ್ಲಿ, ಕಾಲು ಗಂಟೆಗೆಂದು ಅಲಾರಾಂ ಇಟ್ಟಿದ್ದ ಗಡಿಯಾರದ ಗಂಟೆ ಹೊಡೆಯಿತು. ಅವಳು ಕೈಗೆ ಬಟ್ಟೆ ಸುತ್ತಿಕೊಂಡು ಓವನ್ನಿನಿಂದ ತಟ್ಟೆ ಎಳೆದಳು, ತಿರುವಿದಳು, ಒಳಗೆ ತಳ್ಳಿದಳು. ಇದು ಮೂರನೇ ಸಲ. ಬಣ್ಣ ಹೊಂಬಣ್ಣಕ್ಕೆ ಬಂದಿತ್ತು, ಎಂದಿನ ಹಾಗೆ. ರುಚಿಯೂ ಎಂದಿನ ಹಾಗೆ ಇರುತ್ತದೆ, ಅದೇ ಕಷ್ಟ. ಆರಿದ ಮೇಲೆ ಗೋಡಂಬಿಯನ್ನೆಲ್ಲ ತೆಗೆದು, ಇನ್ನೊಂದು ಸಲ ಅರ್ಧ ಗಂಟೆ ಇಟ್ಟರೆ ಅವತ್ತಿನ ರುಚಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಯಾರ ಕೈಯೂ ಬೀಳದ, ಹೊಸ, ಶುದ್ಧವಾದ ಎರಡನೇ ಬೇಯಿಸುವಿಕೆ. ಅದರಲ್ಲಿ ಪಾಪವಿಲ್ಲ. ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದಳು. ಆದರೆ ಹಾಗೆ ಮಾಡಿಬಿಟ್ಟರೆ ಅವತ್ತಿನದಕ್ಕೂ ಇವತ್ತಿನದಕ್ಕೂ ವ್ಯತ್ಯಾಸವೇ ಇರುವುದಿಲ್ಲ, ಮಿಸ್ಸು ಇದೇ, ಇದೇ ಎಂದು ತಲೆಯಾಡಿಸುತ್ತಾರೆ, ಆಮೇಲೆ ಆ ಸುಳ್ಳು ಎಂದೆಂದಿಗೂ ಗಟ್ಟಿಯಾಗಿ ಕೂತುಬಿಡುತ್ತದೆ. ಆರಿದ ತಟ್ಟೆಯನ್ನು ಮತ್ತೆ ಓವನ್ನಿಗೆ ತಳ್ಳುವುದನ್ನು ನೆನೆದರೇ ಅವಳ ಕೈ ಹಿಂದಕ್ಕೆ ಬರುತ್ತಿತ್ತು. ಈಗಲೇ ಹೇಳಿಬಿಡಬೇಕು. ಇಲ್ಲೇ, ಇಬ್ಬರೇ ಇರುವಾಗ.

"ಅತ್ತಿಗೆ," ಎಂದಳು.

"ಏನು?"

"ಉಪ್ಪು ಸಾಕಾ ನೋಡ್ತೀರಾ?"

ಅತ್ತಿಗೆ ಒಂದು ಬೀಜವನ್ನು ಬಾಯಿಗೆ ಹಾಕಿಕೊಂಡು ಸಾಕು ಎಂಬಂತೆ ಕಣ್ಣು ಮುಚ್ಚಿ ತೆಗೆದಳು.

ಎರಡು ಡಬ್ಬ ತುಂಬಿತು. ಒಂದನ್ನು ಅತ್ತಿಗೆ ಹಿಡಿದಳು, ಒಂದನ್ನು ಅವಳು. ಕೆಳಗಿನ ಮನೆಯ ಮುಂದೆ ಎಂಟು ಜೊತೆ ಚಪ್ಪಲಿಗಳಿದ್ದವು, ಎಲ್ಲವೂ ಒಳ್ಳೆಯವು. ತನ್ನ ಚಪ್ಪಲಿಯನ್ನು ಅವಳು ಗೋಡೆಯ ಮೂಲೆಗೆ, ಬಕೆಟ್ಟಿನ ಹಿಂದೆ ಬಿಟ್ಟಳು. ಒಳಗೆ ಕಿಟಕಿಯ ಪರದೆ ಸರಿಸಿ ಬೆಳಕು ಬಿಟ್ಟಿದ್ದರು. ಪುಸ್ತಕದ ಕಪಾಟಿನ ಮುಂದೆ ಮಿಸ್ಸು ಹೊಸ ಶಾಲು ಹೊದ್ದು ಕೂತಿದ್ದರು, ಮುಖ ಮೊದಲಿಗಿಂತ ಇಳಿದಿತ್ತು. ಸುತ್ತ ಹಳೆಯ ವಿದ್ಯಾರ್ಥಿನಿಯರು: ಒಬ್ಬಳು ಬ್ಯಾಂಕಿನವಳು, ಒಬ್ಬಳು ಹಲ್ಲಿನ ಡಾಕ್ಟರು, ಒಬ್ಬಳು ವಕೀಲೆ, ಉಳಿದವರ ಕೆಲಸ ಅವಳಿಗೆ ತಿಳಿಯಲಿಲ್ಲ. ಬ್ಯಾಂಕಿನವಳು ಅವಳ ಕೈಯಲ್ಲಿದ್ದ ಡಬ್ಬ ನೋಡಿ, ಹಾಗೇ ಮುಖ ನೋಡಿ, ಒಳಗಿಂದ ಎರಡು ಲೋಟ ತೊಳೆದು ತಾರಮ್ಮ ಎಂದಳು. ಅವಳು ಡಬ್ಬವನ್ನು ಬಾಗಿಲ ಪಕ್ಕದ ಮೇಜಿನ ಮೇಲಿಟ್ಟು ಒಳಗೆ ಹೋಗಿ ಲೋಟ ತೊಳೆಯತೊಡಗಿದಳು. ಅದರಲ್ಲೊಂದು ನೆಮ್ಮದಿಯೂ ಇತ್ತು. ಲೋಟ ತೊಳೆಯುವವಳನ್ನು ಯಾರೂ ಏನೂ ಕೇಳುವುದಿಲ್ಲ. ಹೊರಗಿನಿಂದ ಮಿಸ್ಸು ಕೂಗಿ ಕರೆದರು. ಬಂದಾಗ, ಇವಳೂ ನನ್ನ ಸ್ಟೂಡೆಂಟೇ, ನಿಮ್ಮ ಹಾಗೇ, ಎಂದು ತಮ್ಮ ಪಕ್ಕದ ಕುರ್ಚಿಯನ್ನು ತಟ್ಟಿ ತೋರಿಸಿದರು. ಬ್ಯಾಂಕಿನವಳ ಕಿವಿ ಕೆಂಪಾಯಿತು. ಲೋಟ ತೊಳೆದು ಬಂದ ಅವಳದ್ದು ಅದಕ್ಕಿಂತ ಹೆಚ್ಚು. ಯಾವ ವರ್ಷದ ಬ್ಯಾಚು ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಒಂಬತ್ತಕ್ಕೆ ಬಿಟ್ಟೆ ಎಂದಳು. ಬಿಟ್ಟರೇನಂತೆ, ಎಂದರು ಮಿಸ್ಸು, ನನ್ನ ನಾಲಗೆಗೆ ಜೀವ ಕೊಟ್ಟವಳು ಇವಳು, ನೀವೆಲ್ಲ ಡಿಗ್ರಿ ಇಟ್ಟುಕೊಂಡು ಏನು ಕೊಟ್ಟಿರಿ, ಶಾಲು ಕೊಟ್ಟಿರಿ. ಎಲ್ಲರೂ ನಕ್ಕರು. ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಜೀವನದಲ್ಲಿ ಇಷ್ಟು ಜನ ಅವಳ ಕಡೆ ತಿರುಗಿ ನಗುತ್ತಿದ್ದದ್ದು ಇದೇ ಮೊದಲು. ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ, ಈ ಕುರ್ಚಿ ತನ್ನದಾಗಿ ಉಳಿದುಬಿಡುತ್ತದೆ ಎಂದು ಅವಳಿಗೆ ಅನ್ನಿಸಿತು.

ಅತ್ತಿಗೆ ತನ್ನ ಡಬ್ಬವನ್ನು ದೊಡ್ಡ ಬೋಗುಣಿಗೆ ಬಗ್ಗಿಸಿ ನಡುವಿಗಿಟ್ಟಳು. ಮೊದಲು ಮಿಸ್ಸಿಗೆ, ಎಂದರು ಎಲ್ಲರೂ. ಮಿಸ್ಸು ಶಾಲನ್ನು ಸರಿಮಾಡಿಕೊಂಡು, ಮಕ್ಕಳು ಪ್ರಸಾದ ತೆಗೆದುಕೊಳ್ಳುವ ಹಾಗೆ ಅಂಗೈಯನ್ನು ಬಟ್ಟಲು ಮಾಡಿ ಒಂದಿಷ್ಟು ತೆಗೆದುಕೊಂಡರು. ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಅವಳು ಆ ದವಡೆಯನ್ನೇ ನೋಡುತ್ತಿದ್ದಳು. ಅದು ನಿಧಾನವಾಗಿ ಆಡಿತು, ನಿಂತಿತು, ಮತ್ತೆ ಆಡಿತು, ಕತ್ತಲಲ್ಲಿ ಗೋಡೆ ತಡವಿ ಸ್ವಿಚ್ಚು ಹುಡುಕುವವರ ಹಾಗೆ. ಇನ್ನೊಂದು ಚೂರು ಹಾಕಿಕೊಂಡರು. ಉಳಿದವರೆಲ್ಲ ಅಷ್ಟರಲ್ಲಿ ಕೈ ಹಾಕಿ, ಅಬ್ಬ ಚೆನ್ನಾಗಿದೆ, ಗೋಡಂಬಿ ಎಷ್ಟು ಧಾರಾಳ, ಅನ್ನುತ್ತಿದ್ದರು. ಮಿಸ್ಸು ಕಣ್ಣು ತೆರೆದರು. ಚೆನ್ನಾಗಿದೆ ಕಣಮ್ಮ, ಎಂದರು. ಆ ಮಾತನ್ನು ಅವರು ಎಷ್ಟು ಎಚ್ಚರದಿಂದ ಆಡಿದರೆಂದರೆ, ಬೈದಿದ್ದರೂ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಆಮೇಲೆ, ಆದರೆ ಅವತ್ತಿನದರಲ್ಲಿ ಬೇರೆ ಏನೋ ಇತ್ತು, ಎಂದರು. ಗುಟ್ಟು ಬಿಟ್ಟುಕೊಡೋಳಲ್ಲ ಇವಳು, ನಮಗೆ ಯಾಕೆ ಕೊಡ್ತಾಳೆ, ಮಿಸ್ಸಿಗೆ ಮಾತ್ರ ಸ್ಪೆಷಲ್ಲು, ಎಂದು ಹಲ್ಲಿನ ಡಾಕ್ಟರು ಚುಡಾಯಿಸಿದಳು.

"ಅವತ್ತು ಬೇರೆ ಏನು ಮಾಡಿದೆ, ಹೇಳು ಮಗು," ಎಂದರು ಮಿಸ್ಸು. "ನಾಳೆಯಿಂದ ನಾನೇ ಮಾಡ್ಕೊಂಡು ತಿಂತೀನಿ. ನಾನು ಸರಿಯಾಗಿ ಊಟ ಮಾಡಿ ಒಂದು ವರ್ಷ ಆಯ್ತು."

ಅವಳು ಎದ್ದು ನಿಂತಳು. ಯಾರೂ ನಿಲ್ಲು ಎಂದಿರಲಿಲ್ಲ. ಮಿಸ್ಸು ಪ್ರಶ್ನೆ ಕೇಳಿದರೆ ಕಾಲು ತಾನೇ ನೆಟ್ಟಗಾಗುತ್ತಿತ್ತು, ಆಗಲೂ, ಈಗಲೂ.

"ಎರಡು ಸಲ ಓವನ್ನಿಗಿಟ್ಟೆ ಮಿಸ್."

ಅಷ್ಟೇ ಹೇಳಿ ಕೂತಿದ್ದರೆ ಆಗಿತ್ತು. ಅದು ನಿಜವೇ ಆಗಿತ್ತು. ಸುತ್ತ ಆಹಾ ಎಂಬ ಸದ್ದೆದ್ದಿತು. ವಕೀಲೆ ಫೋನು ತೆಗೆದು ಬರೆದುಕೊಳ್ಳತೊಡಗಿದಳು. ಮಿಸ್ಸು ಕುರ್ಚಿಯ ಕೈಯನ್ನು ತಟ್ಟಿ, ನೋಡಿದಿರಾ, ತಲೆ ಅಂದರೆ ಇದು, ಪುಸ್ತಕದಲ್ಲಿಲ್ಲದ್ದನ್ನು ತಾನೇ ಕಂಡುಹಿಡಿದಿದ್ದಾಳೆ, ಎಂದರು. ಅವರ ಕಣ್ಣಲ್ಲಿ ನೀರಿತ್ತು. ಶಾಲೆ ಬಿಡುವಾಗ ತಲೆಯೆತ್ತದಿದ್ದ ಆ ಮುಖ ಈಗ ಪೂರ್ತಿ ಅವಳ ಕಡೆಗಿತ್ತು. ಅತ್ತಿಗೆ ಮಾತ್ರ ಬೋಗುಣಿಯ ಪಕ್ಕದಲ್ಲಿ ಚಮಚ ಹಿಡಿದವಳು ಹಾಗೇ ನಿಂತಿದ್ದಳು, ಹುಬ್ಬು ಸ್ವಲ್ಪ ಗಂಟಿಕ್ಕಿತ್ತು. ಎರಡು ಸಲವೇ? ಅವತ್ತು ಕಾಲು ಗಂಟೆಗೊಮ್ಮೆ ಗಡಿಯಾರಕ್ಕೆ ಕೀ ಕೊಟ್ಟವಳು ಅತ್ತಿಗೆಯೇ, ಒಂದೇ ಸಲ ಇಟ್ಟದ್ದು ಅವಳಿಗೆ ನೆನಪಿತ್ತು.

"ಯಾಕೆ ಹಾಗೆ ತೋಚಿತು ನಿಂಗೆ?" ಎಂದರು ಮಿಸ್ಸು, ಪ್ರೀತಿಯಿಂದ.

"ಮಿಕ್ಕಿತ್ತು," ಎಂದಳು. ಅವಳ ದನಿ ಅವಳಿಗೇ ಬೇರೆ ಕೋಣೆಯಿಂದ ಬಂದ ಹಾಗಿತ್ತು. "ಅತ್ತಿಗೆ ಪಾರ್ಟಿಲಿ ಮಿಕ್ಕಿತ್ತು ಮಿಸ್. ಬೋಗುಣಿಲಿದ್ದದ್ದು. ಹನ್ನೆರಡು ಜನ ಕೈ ಹಾಕಿದ್ರು. ಚೆಲ್ಲು ಅಂದ್ರು ಅತ್ತಿಗೆ, ನಾನು ಚೆಲ್ಲಲಿಲ್ಲ. ಮತ್ತೆ ಓವನ್ನಿಗಿಟ್ಟೆ. ಅದನ್ನೇ ನಿಮಗೆ ಕೊಟ್ಟೆ."

ಎಂಜಲು ಎಂಬ ಮಾತನ್ನು ಅವಳು ಆಡಲಿಲ್ಲ, ಬೇರೆ ಯಾರೂ ಆಡಲಿಲ್ಲ. ಆದರೆ ಅದು ಕೋಣೆಗೆ ಬಂದು ಎಲ್ಲರ ನಡುವೆ ಕೂತಿತು. ಹಲ್ಲಿನ ಡಾಕ್ಟರಿನ ಬಾಯಿ ತುಂಬಿತ್ತು. ಅವಳು ಅಗಿಯುವುದನ್ನು ನಿಲ್ಲಿಸಿದಳು, ನುಂಗಲೂ ಇಲ್ಲ. ಬ್ಯಾಂಕಿನವಳು ಅಂಗೈಯಲ್ಲಿದ್ದ ನಾಲ್ಕು ಚೂರುಗಳನ್ನು, ಯಾರೂ ನೋಡುತ್ತಿಲ್ಲವೆಂಬಂತೆ, ತಟ್ಟೆಯ ಅಂಚಿಗೆ ಒಂದೊಂದಾಗಿ ಇಟ್ಟಳು. ವಕೀಲೆ ಫೋನಿನಲ್ಲಿ ಬರೆದದ್ದನ್ನು ನೋಡುತ್ತಿದ್ದಳು. ಅತ್ತಿಗೆಯ ಮುಖ ಬಿಳುಚಿಕೊಂಡಿತ್ತು. ಆ ಮನೆ ಅವಳದ್ದು, ಆ ಬೋಗುಣಿಗಳು ಅವಳವು, ನಾಳೆ ಬೆಳಿಗ್ಗೆ ಇದೇ ಮೆಟ್ಟಿಲಿಳಿದು ಅವಳು ಕೆಲಸಕ್ಕೆ ಹೋಗಬೇಕು. ಅವಳು ಚಮಚವನ್ನು ಮೇಜಿನ ಮೇಲಿಟ್ಟು ಕಿಟಕಿಯ ಹತ್ತಿರ ಹೋಗಿ ಬೀದಿಯನ್ನು ನೋಡುತ್ತಾ ನಿಂತಳು. ಮಿಸ್ಸು ಕರ್ಚೀಫು ತೆಗೆದು ಮೊದಲು ತುಟಿ ಒರೆಸಿಕೊಂಡರು, ಆಮೇಲೆ ಬೆರಳು, ಒಂದೊಂದೇ ಬೆರಳು, ಮಚ್ಚೆಯಿದ್ದ ಹೆಬ್ಬೆರಳನ್ನೂ. ತಿಂಗಳ ಹಿಂದೆ ತಿಂದದ್ದನ್ನು ಅವರು ಈಗ ಒರೆಸುತ್ತಿದ್ದರು. ಸಿಟ್ಟು ಅವರ ಮುಖದಲ್ಲಿರಲಿಲ್ಲ. ಕಿವಿ ಸರಿಯಾಗಿ ಕೇಳದವರು ಮಾತು ಮುಗಿದ ಮೇಲೂ ಕಾಯುವ ಹಾಗೆ, ಅವರು ಅವಳನ್ನು ದಾಟಿ ಕಪಾಟಿನ ಕಡೆ ನೋಡುತ್ತಿದ್ದರು. ಬಹುಶಃ ಸತ್ತ ನಾಲಗೆಗೆ ಬಂದ ಒಂದೇ ಒಂದು ರುಚಿ ಯಾವುದೆಂದು ಅವರಿಗೆ ಈಗ ಗೊತ್ತಾಗುತ್ತಿತ್ತು.

ಅವಳು ಕೂತುಕೊಳ್ಳಲಿಲ್ಲ. ಆ ಕುರ್ಚಿಯಲ್ಲಿ ಮತ್ತೆ ಕೂತುಕೊಳ್ಳುವುದು ಆಗುತ್ತಿರಲಿಲ್ಲ. ಹೇಳಿದರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ. ಅವಳಿಗೆ ಹಾಗೇನೂ ಆಗಲಿಲ್ಲ, ಮೈಮೇಲಿನ ಬಟ್ಟೆಯನ್ನು ಒಬ್ಬೊಬ್ಬರಾಗಿ ಕಣ್ಣಿಂದ ತೆಗೆಯುತ್ತಿದ್ದಾರೆ ಅನ್ನಿಸಿತು. ಎಲ್ಲರ ನಡುವೆ ಬೋಗುಣಿ ಅರ್ಧ ತುಂಬಿಕೊಂಡು ಹಾಗೇ ಇತ್ತು. ಅದಕ್ಕೂ ಈಗ ಎಲ್ಲರೂ ಕೈ ಹಾಕಿಯಾಗಿತ್ತು. ಬಾಗಿಲ ಪಕ್ಕದ ಮೇಜಿನ ಮೇಲೆ ಅವಳು ಹಿಡಿದು ತಂದಿದ್ದ ಎರಡನೇ ಡಬ್ಬವಿತ್ತು. ಅವಳು ಹೋಗಿ ಅದನ್ನು ಎತ್ತಿಕೊಂಡಳು, ಮುಚ್ಚಳ ತೆಗೆದಳು. ಕಂಠದವರೆಗೂ ತುಂಬಿತ್ತು, ಮೇಲೆ ಸಮವಾಗಿತ್ತು, ಓವನ್ನಿನ ಬಿಸಿ ಇನ್ನೂ ತಳದಲ್ಲಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದು, ಮಿಸ್ಸಿನ ಮುಂದೆ ಬಗ್ಗಿ ನಿಂತಳು.

"ಇದನ್ನ ಯಾರೂ ಮುಟ್ಟಿಲ್ಲ ಮಿಸ್," ಎಂದಳು. "ಒಂಚೂರು ತಗೊಳ್ಳಿ."